ಮಣ್ಣಿಗೆ ಹೊಡೆದ ಗುಂಡು

ಬೆರಳ ತುದಿಗೆ ಗಟ್ಟಿಯಾಗಿ ಏನೋ ತಗುಲಿತು.

ಇನ್ನೊಂದು ಕಲ್ಲಿರಬೇಕು ಅಂದುಕೊಂಡೆ. ಬೆಳಗ್ಗೆ ಏಳರಿಂದ ಆ ಗುಡ್ಡದ ಓರೆಯ ಜೇಡಿಮಣ್ಣನ್ನು ಅಡುಗೆಮನೆಯ ಚಾಕುವಿನಲ್ಲಿ ಕೆರೆಯುತ್ತ ಕುಕ್ಕರುಗಾಲಿನಲ್ಲಿ ಕೂತಿದ್ದೆ. ನೂರು ಕಲ್ಲು ಸಿಕ್ಕಿದ್ದವು. ನೂರಕ್ಕೂ ಬೇರೆ ಬೇರೆ ಬೈಗುಳ ಬೈದಿದ್ದೆ. ಐವತ್ತೆಂಟು ವರ್ಷದ ಮಂಡಿ, ಅಕ್ಟೋಬರ್ ತಿಂಗಳ ಗಾಳಿ. ಬಾಯಲ್ಲಿ ಒಳ್ಳೆಯ ಮಾತು ಬರುವುದಾದರೂ ಹೇಗೆ?

ಉಗುರು ಒತ್ತಿದೆ. ಗೆರೆ ಬಿತ್ತು. ಕಲ್ಲಿಗೆ ಉಗುರಿನ ಗೆರೆ ಬೀಳುವುದಿಲ್ಲ.

ಸೀಸ!

ಕೈ ತಾನಾಗಿಯೇ ಅದನ್ನು ಒರೆಸಿ ನೋಡಲು ಹೋಯಿತು. "ಬೇಡ ಕಣೇ ಐನೋ" ಎಂದು ನನಗೆ ನಾನೇ ಗದರಿಕೊಂಡೆ. ಆರೋಪಿಯ ಅಕ್ಕ ಒಬ್ಬಳೇ ಗುಡ್ಡದಲ್ಲಿ ಕೂತು ಗುಂಡು ತೊಳೆದಳು ಅಂದರೆ ನ್ಯಾಯಾಲಯದಲ್ಲಿ ಯಾವ ಕತ್ತೆಯೂ ನಂಬುವುದಿಲ್ಲ. ಸುತ್ತಲಿನ ಹಸಿಮಣ್ಣಿನ ಸಮೇತ ಮುಷ್ಟಿಗಾತ್ರದ ಹೆಂಟೆಯನ್ನು ಕೊರೆದು ತೆಗೆದು, ಕರವಸ್ತ್ರದಲ್ಲಿ ಗಂಟು ಕಟ್ಟಿ, ಕೋಟಿನ ಒಳಜೇಬಿಗೆ ಇಳಿಸಿದೆ.

ಆ ಹೆಂಟೆಯೊಳಗೆ ನನ್ನ ತಮ್ಮನ ಕುತ್ತಿಗೆ ಇತ್ತು.

ಶನಿವಾರ ಬೆಳಗ್ಗೆ ರಾಯ್ಸ್ ಟಿಲಟ್‌ಸನ್ ತನ್ನ ಮನೆಯ ಜಗಲಿಯಲ್ಲಿ ನಿಂತು ಕಾಫಿ ಕುಡಿಯುತ್ತಿದ್ದಾಗ ಈ ಗುಡ್ಡದಿಂದ ಬಂದ ಗುಂಡು ಅವನ ತಲೆಯ ಬಲಭಾಗವನ್ನೇ ಹಾರಿಸಿಕೊಂಡು ಹೋಗಿತ್ತು. ನಾನೂರು ಗಜದ ದೂರ. ಹೆಣದ ಹತ್ತಿರ ಮೊದಲು ಹೋದವಳು ನಾನೇ. ಕಿವಿ, ಕೆನ್ನೆ, ಹಲ್ಲು ಎಲ್ಲ ಬಾಗಿಲಿನ ಜಾಲರಿಗೆ ಮೆತ್ತಿಕೊಂಡಿದ್ದವು. ಕಾಫಿ ಲೋಟದ ಕಿವಿ ಮಾತ್ರ ಅವನ ಬೆರಳಿಗೆ ಹಾಗೇ ಸಿಕ್ಕಿಕೊಂಡಿತ್ತು. ಇಪ್ಪತ್ತಾರು ವರ್ಷ ಉಪ ಶೆರಿಫ್ ಆಗಿ ಕೆಲಸ ಮಾಡಿದವಳು ನಾನು. ಅವತ್ತು ಗೋಡೆ ಹಿಡಿದುಕೊಂಡು ವಾಂತಿ ಮಾಡಿದೆ.

ಬಾಗಿಲ ಚೌಕಟ್ಟಿನಿಂದ ಕಿತ್ತು ತೆಗೆದ ಗುಂಡಿನ ಮುಂಭಾಗ ಅಪ್ಪಚ್ಚಿಯಾಗಿತ್ತು. ಯಾವ ನಳಿಗೆಯಿಂದ ಬಂತು ಎಂದು ಹೇಳಲು ಪ್ರಯೋಗಾಲಯದವರಿಗೂ ಆಗಲಿಲ್ಲ. ಆದರೆ ಹಿಂಭಾಗ ಚೆನ್ನಾಗಿಯೇ ಉಳಿದಿತ್ತು. ಗುಂಡಿನ ಸುತ್ತ ಮೇಣ ತುಂಬಲೆಂದು ಬಿಡುವ ಗೆರೆಯೊಳಗೆ ಎಳ್ಳುಕಾಳಿನಷ್ಟು ಉಬ್ಬು.

ಆ ಎಳ್ಳುಕಾಳು ನನ್ನ ತಮ್ಮ ಆರ್ವೋನದು.

ನಮ್ಮೂರು ಕಾಪರ್ ಫೋರ್ಕಿನಲ್ಲಿ ಅಂಗಡಿಯ ಗುಂಡು ಹೊಡೆಯುವವನಿಗೆ ಗುರಿ ಹೊಡೆಯುವ ಪಂದ್ಯದಲ್ಲಿ ಪಕ್ಕದ ಜಾಗ ಕೊಡಲೂ ಜನ ಹಿಂದೆಮುಂದೆ ನೋಡುತ್ತಾರೆ. ಸೀಸ ಕರಗಿಸಬೇಕು, ತವರ ಬೆರೆಸಬೇಕು, ಅಚ್ಚಿಗೆ ಹುಯ್ಯಬೇಕು, ತೂಗಬೇಕು, ತೋಟಾ ತಾನೇ ತುಂಬಬೇಕು. ಇದರಲ್ಲಿ ಆರ್ವೋ ಎಲ್ಲರಿಗಿಂತ ದೊಡ್ಡ ಹುಚ್ಚ. ನೂರು ಗುಂಡು ಹುಯ್ದರೆ ಎಪ್ಪತ್ತನ್ನು ಮತ್ತೆ ಪಾತ್ರೆಗೆ ಹಾಕುತ್ತಾನೆ. ಗುಂಡಿನ ಒಂದು ಮಗ್ಗುಲು ಕೂದಲೆಳೆಯಷ್ಟು ಭಾರವಾದರೂ ದೂರ ಹೋದಂತೆ ದಾರಿ ತಪ್ಪುತ್ತದೆ ಅಂತ ಅವನ ವಾದ. ಅದಕ್ಕೇ ಅಚ್ಚಿನೊಳಗೆ ಸೂಜಿಯಷ್ಟು ತೂತು ಕೊರೆದ. ಪ್ರತಿ ಗುಂಡಿಗೂ ಒಂದು ಉಬ್ಬು. ಆ ಉಬ್ಬು ಯಾವಾಗಲೂ ಮೇಲೆ ಬರುವ ಹಾಗೆ ತೋಟಾ ತುಂಬಿ, ಅದೇ ಮಗ್ಗುಲಲ್ಲಿ ಬಂದೂಕಿಗೂ ಹಾಕುತ್ತಾನೆ. ತಪ್ಪಿದರೂ ಎಲ್ಲ ಗುಂಡೂ ಒಂದೇ ಕಡೆ ತಪ್ಪಲಿ, ಆಮೇಲೆ ಬಂದೂಕಿನ ಗುರಿಕಣ್ಣನ್ನು ಅಷ್ಟೇ ಸರಿಸಿಕೊಂಡರಾಯಿತು ಅನ್ನುತ್ತಾನೆ. ಹನ್ನೊಂದು ವರ್ಷದಲ್ಲಿ ಅವನು ಸೋತದ್ದು ಎರಡೇ ಸಲ.

ಅವನಿಗೆ ರಾಯ್ಸ್ ಮೇಲೆ ದ್ವೇಷವೂ ಇತ್ತು. ಎರಡು ವರ್ಷದ ಹಿಂದೆ ರಾಯ್ಸ್ ಕುಡಿದು ಟ್ರಕ್ ಓಡಿಸಿ ಆರ್ವೋನ ಹೆಂಡತಿ ಸಿಗ್ನೆಯನ್ನು ರಸ್ತೆಯಂಚಿನಲ್ಲೇ ಅರೆದು ಹಾಕಿದ್ದ. ನ್ಯಾಯಾಧೀಶರು ಬುದ್ಧಿ ಹೇಳಿ ಬಿಟ್ಟುಬಿಟ್ಟರು. ಇನ್ನೇನು ಬೇಕು? ಗುಂಡೂ ಅವನದು, ಕಾರಣವೂ ಅವನದು.

"ನಾನಲ್ಲ ಅಕ್ಕಾ" ಎಂದಿದ್ದ ಆರ್ವೋ, ಲಾಕಪ್ಪಿನ ಸರಳು ಹಿಡಿದು. ಅಷ್ಟೇ ಅಂದದ್ದು. ಅಮ್ಮ ಸತ್ತಾಗ ಅವನಿಗೆ ಆರು ವರ್ಷ. ಎತ್ತಿ ಬೆಳೆಸಿದವಳು ನಾನು. ಅವನು ನನಗೆ ಯಾವತ್ತೂ ಸುಳ್ಳು ಹೇಳಿಲ್ಲ.

ಹಾಗಾದರೆ ಅವನ ಗುಂಡು ಇನ್ನೊಬ್ಬನ ಕೈಗೆ ಬಂದದ್ದು ಹೇಗೆ? ಅದಕ್ಕೆ ನಮ್ಮೂರಿನ ರೂಢಿಯೇ ಉತ್ತರ ಹೇಳಿತು. ಪಂದ್ಯದಲ್ಲಿ ಸೋತವನು ಗೆದ್ದವನಿಗೆ ತನ್ನ ಕೈಯಾರೆ ಹುಯ್ದ ಒಂದು ಗುಂಡು ಕೊಡಬೇಕು. ಒಂದೇ ಒಂದು. ಆರ್ವೋನನ್ನು ಸೋಲಿಸಿದ ಇಬ್ಬರಲ್ಲಿ ಒಬ್ಬ ಈ ಸತ್ತ ರಾಯ್ಸೇ. ಅವನು ಗೆದ್ದ ಗುಂಡು ಅವನ ಬಂದೂಕಿನ ಪೆಟ್ಟಿಗೆಯಲ್ಲೇ ಸಿಕ್ಕಿ ಈಗ ಶೆರಿಫ್ ಬೀರುವಿನಲ್ಲಿದೆ. ಇನ್ನೊಬ್ಬ ಡೆಲ್ಬರ್ಟ್ ಪೆನ್‌ರೋಸ್. ಆರ್ವೋನ ಜೀವದ ಗೆಳೆಯ. ರಾಯ್ಸ್‌ನ ಮಾವ.

ಇನ್ನು ಆ ಎರಡು ಸದ್ದು. ಗುಡ್ಡದ ಕೆಳಗಿನ ಮನೆಯ ವಿಧವೆ ಗುಂಡರ್ಸನ್ ಅಜ್ಜಿಗೆ ಒಂದು ನಿಮಿಷದ ಅಂತರದಲ್ಲಿ ಎರಡು ಈಡು ಕೇಳಿಸಿದ್ದವು. "ಮೊದಲ್ನೇದು ಗುರಿ ತಪ್ಪಿದೆ, ಬಿಡಿ" ಅಂದಿದ್ದ ಶೆರಿಫ್ ವರ್ನನ್ ಬೋಗ್. ಪಟ್ಟಣದಿಂದ ಬಂದವನು, ಅವನಿಗೇನು ಗೊತ್ತು! ಮೂರು ದಿನ ರಾಯ್ಸ್‌ನ ಜಗಲಿಯ ಸುತ್ತ ಆ ಗುಂಡಿಗೆ ಹುಡುಕಿಸಿದ.

ಸೀಸದ ಗುಂಡು ಹೊಡೆಯುವವನು ತೊಳೆದ ನಳಿಗೆಯ ಮೊದಲ ಈಡನ್ನು ನಂಬುವುದಿಲ್ಲ. ಒಣಗಿದ ತಣ್ಣನೆ ನಳಿಗೆಯಲ್ಲಿ ಅದು ಎಲ್ಲಿ ಬೇಕಾದರೂ ಹೋದೀತು. ಒಂದು ಗುಂಡು ಮಣ್ಣಿಗೆ ಹೊಡೆದು, ಒಳಗೆ ಮೇಣವೂ ಮಸಿಯೂ ಹಿಡಿಸಿದ ಮೇಲೆಯೇ ಎರಡನೆಯದನ್ನು ಗುರಿಗೆ ಹೊಡೆಯುವುದು. ನಾವು ಹಾಲುಹಲ್ಲಿನ ವಯಸ್ಸಿನಲ್ಲೇ ಕಲಿತ ಪಾಠ ಇದು. ಕೊಲೆ ಮಾಡಲು ಬಂದವನೂ ಈ ಚಾಳಿ ಬಿಡಲಿಲ್ಲ. ಮೊದಲ ಗುಂಡು ಗುರಿ ತಪ್ಪಿದ್ದಲ್ಲ, ಬೇಕೆಂದೇ ಪಕ್ಕದ ಓರೆಗೆ ಹೊಡೆದದ್ದು. ಅವನ ಹತ್ತಿರ ಆರ್ವೋನ ಗುಂಡು ಇದ್ದದ್ದೇ ಒಂದು. ಅದನ್ನು ಮಣ್ಣಿಗೆ ಹಾಳು ಮಾಡುತ್ತಾನೆಯೇ? ಮಣ್ಣಿಗೆ ಹೊಡೆದದ್ದು ಅವನದೇ ಗುಂಡು.

ಅದೇ ಈಗ ನನ್ನ ಜೇಬಿನಲ್ಲಿತ್ತು.

ಪೆಟ್ರೋಲ್ ಬಂಕಿನಿಂದ ಬೋಗ್‌ಗೆ ಫೋನ್ ಮಾಡಿದೆ.

"ಸಿಕ್ತು" ಅಂದೆ.

"ಏನ್ ಸಿಕ್ತು? ಈ ಕೇಸಿಗೆ ಕೈ ಹಾಕ್ಬೇಡಿ ಅಂದಿದ್ದೆ. ಬಿಲ್ಲೆ, ಪಿಸ್ತೂಲು ಎರಡೂ ಇಸ್ಕೊಂಡಿದ್ದು ಮರ್ತೋಯ್ತಾ?"

"ಬಿಲ್ಲೆ ತಾನೆ ಇಸ್ಕೊಂಡಿದ್ದು, ಕಣ್ಣಲ್ವಲ್ಲ."

ಹೇಳಿದೆ. ಅವನು ಪೂರ್ತಿ ಕೇಳಿಸಿಕೊಂಡ. ದಡ್ಡನಲ್ಲ ಅವನು, ಸೀಸದ ವಿಷಯ ಗೊತ್ತಿಲ್ಲ ಅಷ್ಟೆ.

"ಸರಿ. ಆ ಗುಂಡಲ್ಲಿ ಉಬ್ಬು ಇಲ್ದಿದ್ರೆ ಇವತ್ತೇ ಆರ್ವೋನ ಬಿಟ್ಬಿಡ್ತೀನಿ. ಇದ್ರೆ?"

"ಇರಲ್ಲ."

"ಐನೋ, ಕೇಳಿ. ಒಂದು ಗುಂಡಾದ್ರೆ ಯಾರೋ ಇಟ್ಕೊಂಡಿದ್ದು ಹೊಡೆದ್ರು ಅನ್ಬೋದು. ಎರಡೂ ಅವನದೇ ಆದ್ರೆ ದೇವರೇ ಬಂದು ಸಾಕ್ಷಿ ಹೇಳಿದ್ರೂ ನೇಣು ತಪ್ಪಲ್ಲ. ಯೋಚ್ನೆ ಮಾಡಿ."

"ಮಾಡಿಯಾಯ್ತು. ಡೆಲ್ಬರ್ಟ್ ಷೆಡ್ಡಿಗೆ ಬನ್ನಿ, ಅಲ್ಲೇ ನಿಮ್ಮ ಕಣ್ಣೆದುರು ತೊಳೆಯೋಣ."

"ಅರ್ಧ ಗಂಟೆ. ಆರ್ವೋನ್ನೂ ಕರ್ಕೊಂಡೇ ಬರ್ತೀನಿ. ಯಾರ ಅಚ್ಚು ಅಂತ ಗುರುತು ಹಿಡಿಯೋಕೆ ಅವನಿಗಿಂತ ಬೇರೆ ಯಾರಿದಾರೆ? ಅಲ್ಲೀವರೆಗೂ ನೀವೊಬ್ರೇ ಒಳಗೆ ಹೋಗ್ಬೇಡಿ, ದಮ್ಮಯ್ಯ."

ಹ್ಞೂಂ ಅಂದೆ. ಒಳ್ಳೆಯ ಮಾತು ಕೇಳುವ ಚಾಳಿ ನನಗೆ ಹುಟ್ಟಿದಾಗಿನಿಂದ ಇಲ್ಲ. ಹತ್ತು ನಿಮಿಷಕ್ಕೆ ಡೆಲ್ಬರ್ಟ್‌ನ ಷೆಡ್ಡಿನ ಬಾಗಿಲು ನೂಕಿದೆ.

ಡೆಲ್ಬರ್ಟ್ ಗುಂಡು ಹುಯ್ಯುತ್ತಿದ್ದ. ಮೇಜಿನ ಮೇಲೆ ಕಬ್ಬಿಣದ ಪಾತ್ರೆ, ಅದರ ತುಂಬ ಕರಗಿದ ಸೀಸ. ಕಸ ತೇಲಿಸಲು ಆಗಷ್ಟೇ ಜೇನುಮೇಣದ ಚೂರು ಹಾಕಿ ಕಲಕಿದ್ದನೆಂದು ಕಾಣುತ್ತದೆ, ಹೊಗೆ ಮಾಡಿಗೇರಿ ನಿಂತಿತ್ತು. ಅಚ್ಚು ತೆರೆದು ಮರದ ಕೊಡತಿಯಿಂದ ಕುಟ್ಟಿದ. ಹೊಳೆಯುವ ಗುಂಡೊಂದು ಟವೆಲಿನ ಮೇಲೆ ಬಿತ್ತು. ಆರಡಿ ಎತ್ತರದ ಆಳು, ಮೂವತ್ತು ವರ್ಷ ತಾಮ್ರದ ಗಣಿಯಲ್ಲಿ ದುಡಿದ ತೋಳು.

"ಬಾಗಿಲು ಹಾಕು ಕಣೇ. ಗಾಳಿ ಬಡಿದ್ರೆ ಅಚ್ಚು ಆರುತ್ತೆ."

"ಊರಲ್ಲಿ ಹೆಣ ಬಿದ್ದಿದೆ, ನಿಂಗೆ ಗುಂಡು ಹುಯ್ಯೋ ಸಂಭ್ರಮ."

"ಹೆಂಡ್ತಿಯಾಗಿ ನೋರೀನೇ ಅಳ್ಲಿಲ್ಲ. ನಾನ್ಯಾಕೆ ಅಳ್ಲಿ?"

ಅವನ ಮಗಳು ನೋರೀನ್. ಏಪ್ರಿಲ್‌ನಲ್ಲಿ ರಾಯ್ಸ್ ಬೂಟುಗಾಲಲ್ಲಿ ಒದ್ದ ಒದೆಗೆ ಅವಳ ದವಡೆ ಎರಡು ಹೋಳಾಗಿತ್ತು. ಆರು ವಾರ ಹಲ್ಲಿಗೆ ತಂತಿ ಬಿಗಿಸಿಕೊಂಡು ಸೂಪು ಹೀರಿಕೊಂಡು ಬದುಕಿದಳು. ದೂರು ಬರೆದುಕೊಂಡವಳು ನಾನು. ಸಹಿ ಹಾಕುವ ಧೈರ್ಯ ಅವಳಿಗೆ ಬರಲಿಲ್ಲ.

"ಆರ್ವೋ ನಿಂಗೆ ಕೊಟ್ಟ ಗುಂಡು ಎಲ್ಲಿ?"

ಅವನ ಕೊಡತಿ ನಿಂತಿತು. ಕಣ್ಣು ಮಾತ್ರ ಎದುರಿನ ಗೋಡೆಯ ಕನ್ನಡಿಗೆ ಹೋಗಿ ಬಂತು. ಐದು ವರ್ಷದಿಂದ ಆ ಕನ್ನಡಿಯ ಚೌಕಟ್ಟಿನಲ್ಲಿ ಸಿಕ್ಕಿಸಿಟ್ಟಿದ್ದ ಅದನ್ನು. ಬಂದವರಿಗೆಲ್ಲ ತೋರಿಸಿ, 'ಆರ್ವೋನ ಸೊಕ್ಕು ಮುರಿದ ದಿನದ್ದು' ಎಂದು ಮೀಸೆ ತಿರುವುತ್ತಿದ್ದ. ಈಗ ಅಲ್ಲಿ ಧೂಳಿನ ಗುರುತು ಮಾತ್ರ ಇತ್ತು.

"ಇಲ್ಲ" ಅಂದ.

"ಇಲ್ಲ ಅಂದ್ರೆ? ರೆಕ್ಕೆ ಬಂದು ಹಾರ್ಹೋಯ್ತಾ?"

"ಭಾನುವಾರ ಇದ್ರೊಳಗೆ ಹಾಕ್ದೆ." ಗದ್ದ ಪಾತ್ರೆಯ ಕಡೆ ತೋರಿಸಿತು. "ಕರಗೋಯ್ತು."

"ಶನಿವಾರ ರಾಯ್ಸ್ ಸತ್ತ, ಭಾನುವಾರ ನೀನು ಕರಗಿಸ್ದೆ. ನಂಬ್ಲಾ ನಾನು?"

"ನಂಬ್ಬೇಡ. ಯಾರು ನಂಬು ಅಂದ್ರು? ಹೋಗಿ ಬೋಗ್‌ಗೆ ಹೇಳು, ಡೆಲ್ಬರ್ಟ್ ಹತ್ರ ಆ ಗುಂಡು ಇಲ್ಲ ಅಂತ. ಹೋಗು."

ಇಷ್ಟು ಸುಲಭವಾಗಿ ಸಿಕ್ಕಿಬೀಳುತ್ತಾನೆ ಅಂದುಕೊಂಡಿರಲಿಲ್ಲ. ನನಗೆ ರಕ್ತ ನೆತ್ತಿಗೇರಿತು. ನನ್ನ ತಮ್ಮನ ಜೊತೆ ಒಂದೇ ತಟ್ಟೆಯಲ್ಲಿ ತಿಂದು ಬೆಳೆದವನು! ಸಿಗ್ನೆಯ ಶವಪೆಟ್ಟಿಗೆಗೆ ಹೆಗಲು ಕೊಟ್ಟವನು!

"ರಾಯ್ಸ್‌ನ ಕೊಂದಿದ್ದಕ್ಕೆ ನಂಗೇನೂ ಬೇಜಾರಿಲ್ಲ ಕಣೋ. ಆದ್ರೆ ಆರ್ವೋನ ಗುಂಡಲ್ಲಿ ಕೊಂದ್ಯಲ್ಲ, ಥೂ! ನಾಳೆ ಅವನು ನೇಣಿಗೆ ಹೋಗ್ತಿದ್ರೆ ನೀನು ಟೋಪಿ ತೆಗೆದು ನಿಂತ್ಕೊತಿದ್ಯಾ?"

ನಾನು ಕರವಸ್ತ್ರದ ಗಂಟನ್ನು ಹೊರತೆಗೆದು ಅವನ ಮೂಗಿನ ಮುಂದೆ ಹಿಡಿದೆ.

"ಮೊದಲ್ನೇ ಈಡು. ಮಣ್ಣಿಗೆ ಹೊಡೆದಿದ್ದು. ಓರೆಯಲ್ಲಿ ಇತ್ತು."

ಡೆಲ್ಬರ್ಟ್‌ನ ಮುಖದಲ್ಲಿ ರಕ್ತವೇ ಇಲ್ಲದಂತಾಯಿತು. ಅಚ್ಚನ್ನು ಮೇಜಿನ ಮೇಲೆ ಕೆಳಗಿಟ್ಟ.

"ತೊಳೆದ್ಯಾ?" ಅಂದ, ಕೇಳಿಸದ ಹಾಗೆ.

"ಇಲ್ಲ. ಬೋಗ್ ಬರ್ತಿದಾನೆ. ಅವನ ಮುಂದೆ ತೊಳೀತೀನಿ."

"ಕೊಡು ಅದನ್ನ."

"ಏನಂದೆ?"

"ಐನೋ, ಕೈ ಮುಗೀತೀನಿ. ಅದನ್ನ ನಂಗೆ ಕೊಟ್ಟು ಮನೆಗೆ ಹೋಗು. ಸಿಗ್ಲಿಲ್ಲ ಅನ್ನು. ನಿಂಗೆ ಗೊತ್ತಾಗಲ್ಲ, ಕೊಡು."

"ನಿನ್ ತಲೆ!" ಅಂದೆ.

ಕೊಡತಿ ಬರುವುದು ಕಾಣಿಸಲಿಲ್ಲ. ಹುಬ್ಬಿನ ಮೇಲೆ ಬಡಿಯಿತು. ಕಣ್ಣೊಳಗೆ ಬಿಸಿ ರಕ್ತ ಇಳಿಯಿತು. ಅವನು ಮೇಜು ಬಳಸಿ ಬಂದು ನನ್ನ ಕೋಟಿನ ಕಾಲರು ಹಿಡಿದು ಗೋಡೆಗೆ ಗುದ್ದಿದ. ಉಸಿರು ಸಿಕ್ಕಿಕೊಂಡಿತು. ಗಂಟು ಹಿಡಿದ ನನ್ನ ಮುಷ್ಟಿಯನ್ನು ಒಂದೊಂದೇ ಬೆರಳು ಹಿಂದಕ್ಕೆ ತಿರುಚಿ ಬಿಡಿಸತೊಡಗಿದ. ಕಿರುಬೆರಳು ಟಪ್ಪೆಂದಿತು.

ನಾನು ಅವನ ಮಣಿಕಟ್ಟನ್ನು ಕಚ್ಚಿದೆ. ಹಲ್ಲು ಎಲುಬಿಗೆ ತಾಗುವವರೆಗೂ ಬಿಡಲಿಲ್ಲ. ಅವನು ಗೂಳಿಯಂತೆ ಅರಚಿ, ಮಂಡಿಯಿಂದ ನನ್ನ ಹೊಟ್ಟೆಗೆ ಇಕ್ಕಿದ. ನಾನು ಮೂಲೆಯಲ್ಲಿ ಪೇರಿಸಿದ್ದ ಸೀಸದ ಗಟ್ಟಿಗಳ ಮೇಲೆ ಹೋಗಿ ಬಿದ್ದೆ. ಪಕ್ಕೆಲುಬು ಮುರಿದ ಸದ್ದು ನನಗೇ ಕೇಳಿಸಿತು.

ಕಣ್ಣೊರೆಸಿಕೊಂಡು ನೋಡುತ್ತೇನೆ, ಗಂಟು ಅವನ ಕೈಯಲ್ಲಿದೆ. ಬಾಗಿಲಿಗೆ ಓಡಲಿಲ್ಲ. ಪಾತ್ರೆಯ ಕಡೆ ಓಡಿದ.

"ಹಸಿಮಣ್ಣು ಕಣೋ!" ಎಂದು ಕಿರುಚಿದೆ. "ಸಾಯ್ತೀಯ!"

ಕುದಿಯುವ ಸೀಸಕ್ಕೆ ಒಂದು ಹನಿ ನೀರು ಬಿದ್ದರೆ ಏನಾಗುತ್ತದೆಂದು ಈ ಊರಲ್ಲಿ ನಡೆಯಲು ಕಲಿತ ಕೂಸಿಗೂ ಗೊತ್ತು. ನೀರು ಆವಿಯಾಗಿ ಸಿಡಿದು ಪಾತ್ರೆಯೆಲ್ಲ ಮುಖಕ್ಕೆ ಬರುತ್ತದೆ. ಕಣ್ಣು ಹೋದವರಿದ್ದಾರೆ. ಡೆಲ್ಬರ್ಟ್ ನಲವತ್ತು ವರ್ಷ ಬೆವರ ಹನಿಯೂ ಬೀಳದ ಹಾಗೆ ಹಣೆಗೆ ಬಟ್ಟೆ ಕಟ್ಟಿಕೊಂಡು ಗುಂಡು ಹುಯ್ದವನು.

"ಸತ್ರೆ ಸಾಯ್ತೀನಿ" ಅಂದ.

ಕೈಗೆ ಸಿಕ್ಕ ಸೀಸದ ಗಟ್ಟಿಯನ್ನೆತ್ತಿ ಅವನ ಮೊಳಕೈಗೆ ಬೀಸಿ ಹೊಡೆದೆ. ಮೂಳೆ ಲಟಕ್ಕೆಂದಿತು. ಗಂಟು ಪಾತ್ರೆಯ ಅಂಚಿಗೆ ಬಡಿದು ಬಿಚ್ಚಿಕೊಂಡು ಈಚೆ ಉರುಳಿತು. ಆದರೆ ಹೆಂಟೆಯಿಂದ ಮುರಿದ ಒಂದು ಚೂರು ಹಸಿಮಣ್ಣು ಒಳಗೆ ಬಿತ್ತು.

ಢಮಾರ್!

ಬೆಳ್ಳಿಬಣ್ಣದ ಮಳೆ ಮಾಡಿಗೆ ಹಾರಿ ಕೆಳಗಿಳಿಯಿತು. ನಾನು ಮುಖ ಮುಚ್ಚಿಕೊಂಡು ನೆಲಕ್ಕೆ ಬಿದ್ದಿದ್ದೆ. ತೋಳಿನ ಮೇಲೆ ಮೂರು ಕಡೆ ಕೆಂಡ ಇಟ್ಟಂತಾಯಿತು. ಡೆಲ್ಬರ್ಟ್‌ಗೆ ಮುಖ ಮುಚ್ಚಲು ಸಮಯವಿರಲಿಲ್ಲ. ಬಲಗೈ, ಕುತ್ತಿಗೆ, ಕಿವಿ. ಕೈಯ ಮೇಲೆ ಸೀಸ ಹಾಗೇ ಹೆಪ್ಪುಗಟ್ಟಿ ಕೂತಿತ್ತು. ಚರ್ಮ ಸುಟ್ಟ ವಾಸನೆ ಷೆಡ್ಡಿನ ತುಂಬ ಹರಡಿತು. ಅವನು ಕೂಗಿದ ಕೂಗನ್ನು ಬರೆಯಲು ನನಗೆ ಬಾರದು.

ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಕನಿಕರ ಬರಲಿಲ್ಲ. ಎದ್ದು ಹೋಗಿ, ಬಿದ್ದವನಿಗೆ ಎರಡು ಒದ್ದೆ. ಒಂದು ಆರ್ವೋನ ಹೆಸರಲ್ಲಿ, ಇನ್ನೊಂದು ನನ್ನ ಪಕ್ಕೆಲುಬಿನ ಹೆಸರಲ್ಲಿ. ಆಮೇಲೇ ಬಕೆಟ್ ಎಳೆದು ಅವನ ಕೈಯನ್ನು ತಣ್ಣೀರಿಗೆ ಅದ್ದಿದ್ದು.

"ಮುಗೀತು ನಿನ್ ಆಟ" ಅಂದೆ, ಏದುಸಿರು ಬಿಡುತ್ತ. "ಬೋಗ್ ಬರ್ಲಿ."

"ನೋಡ್ಬೇಡ ಐನೋ." ಅವನು ಹಲ್ಲು ಕಚ್ಚಿಕೊಂಡು ಅಳುತ್ತಿದ್ದ. ಆ ದೊಡ್ಡ ಗಣಿಯಾಳು ಅತ್ತದ್ದನ್ನು ನಾನು ಕಂಡಿರಲಿಲ್ಲ. "ಕರಗ್ಸಿಬಿಡು. ಇನ್ನೂ ಪಾತ್ರೆಲಿ ಅರ್ಧ ಇದೆ, ಹಾಕ್ಬಿಡು. ನಾನೇ ಕೊಂದೆ ಅಂತ ಬರ್ಕೊಡ್ತೀನಿ. ಎಡಗೈಲಿ ಬರೀತೀನಿ, ಕಾಗದ ಕೊಡು."

"ಬರ್ಕೊಡೋನಿಗೆ ಗುಂಡು ಯಾಕೆ ಕರಗ್ಬೇಕು?"

ಕೇಳಿದ ಮೇಲೆ ನನ್ನ ಪ್ರಶ್ನೆ ನನ್ನನ್ನೇ ಹಿಡಿದು ನಿಲ್ಲಿಸಿತು. ತಪ್ಪೊಪ್ಪಿಕೊಳ್ಳುವವನಿಗೆ ಸಾಕ್ಷಿಯ ಭಯ ಏಕೆ? ಇವನದೇ ಗುಂಡಾಗಿದ್ದರೆ ತೊಳೆದರೇನು, ಬಿಟ್ಟರೇನು?

ಹೆಂಟೆ ನೆಲದ ಮೇಲೆ ಒಡೆದು ಬಿದ್ದಿತ್ತು. ಮಣ್ಣು ಹೋಳಾಗಿ ನಡುವೆ ಗುಂಡು ಬರಿದಾಗಿ ಕಾಣುತ್ತಿತ್ತು. ಮೆತ್ತನೆ ಜೇಡಿಗೆ ಹೊಕ್ಕಿದ್ದರಿಂದ ಮೂತಿ ಸ್ವಲ್ಪ ಚಪ್ಪಟೆಯಾದದ್ದು ಬಿಟ್ಟರೆ ಹಿಂಭಾಗ ಅಚ್ಚಿನಿಂದ ಈಗ ತೆಗೆದಂತೆಯೇ ಇತ್ತು. ಎತ್ತಿಕೊಂಡೆ. ಕಿಟಕಿಯ ಬೆಳಕಿಗೆ ಹಿಡಿದು ಮೆಲ್ಲಗೆ ತಿರುಗಿಸಿದೆ.

ಗೆರೆಯೊಳಗೆ ಎಳ್ಳುಕಾಳಿನಷ್ಟು ಉಬ್ಬು.

ಹೆಬ್ಬೆರಳಿನಿಂದ ಒರೆಸಿದೆ. ಮಣ್ಣಿನ ಕಣವಾಗಿರಲಿ ದೇವರೇ ಎಂದು ಮತ್ತೆ ಒರೆಸಿದೆ. ಹೋಗಲಿಲ್ಲ.

ಅಲ್ಲೇ ನೆಲದ ಮೇಲೆ ಕೂತೆ.

"ನಿಂಗೆ ಗೊತ್ತಿತ್ತಾ?" ಅಂದೆ.

"ಸದ್ದು ಗೊತ್ತಾಗಲ್ವೇನೇ? ಹನ್ನೊಂದು ವರ್ಷ ಅವನ ಪಕ್ಕದಲ್ಲಿ ಮಲಗಿ ಹೊಡೆದಿದೀನಿ. ಎರಡೂ ಅವನ ಬಂದೂಕಿನ ಸದ್ದೇ." ಡೆಲ್ಬರ್ಟ್ ಉಸಿರಿಗೆ ನಿಂತ. "ಹೊರಗೆ ಬಂದು ನೋಡ್ದೆ. ಇಲ್ಲಿಂದ ಗುಡ್ಡದ ಹಿಂಬದಿ ಕಾಣುತ್ತಲ್ಲ, ಅಲ್ಲಿ ಅವನ ಟ್ರಕ್ ನಿಂತಿತ್ತು."

"ಅವನನ್ನ ನೋಡಿದ್ಯಾ?"

"ಟ್ರಕ್ ನೋಡ್ದೆ. ಅವನನ್ನ ನೋಡೋದು ನಂಗೆ ಬೇಕಿರ್ಲಿಲ್ಲ. ತಕ್ಷಣ ಒಳಗೆ ಬಂದು ಬಾಗಿಲು ಹಾಕ್ಕೊಂಡೆ."

"ಕನ್ನಡಿಲಿದ್ದ ಗುಂಡು?"

"ನಾನೇ ಬೇಕು ಅಂತ ಕರಗ್ಸಿದ್ದು. ನಿನ್ನಂಥೋರು ಬಂದು ಎಲ್ಲಿ ಅಂತ ಕೇಳ್ಲಿ, ನನ್ ಹತ್ರ ಇಲ್ದೇ ಇರ್ಲಿ, ಅನುಮಾನ ನನ್ ಕಡೆ ತಿರುಗ್ಲಿ ಅಂತ. ನೋರೀನ್ ದವಡೆ ಮುರಿದ ದಿನಾನೇ ಆ ನಾಯಿನ ನಾನು ಕೊಲ್ಬೇಕಿತ್ತು. ಅಪ್ಪ ಅನ್ನಿಸ್ಕೊಂಡೋನು ನಾನು. ನಂಗೆ ಧೈರ್ಯ ಬರ್ಲಿಲ್ಲ. ಅವನಿಗೆ ಬಂತು." ಸುಟ್ಟ ಕೈಯನ್ನು ನೀರಿನಿಂದ ಎತ್ತಿ ನೋಡಿ, ಮತ್ತೆ ಅದ್ದಿದ. "ಒಂದು ಗುಂಡಿಗೆ ನಾನು ಅಡ್ಡ ನಿಲ್ಬೋದಿತ್ತು ಐನೋ. ಎರಡು ಗುಂಡಿಗೆ ಹೆಂಗೆ ನಿಲ್ಲಲಿ? ನೀನ್ಯಾಕೆ ಅಗೆಯೋಕೆ ಹೋದೆ ಮಾರಾಯ್ತಿ?"

ನಾನ್ಯಾಕೆ ಅಗೆಯಲು ಹೋದೆ! ತಮ್ಮನನ್ನು ಉಳಿಸಲು ಹೋದೆ. ಈ ಲೋಕದಲ್ಲಿ ಅವನನ್ನು ಉಳಿಸಲು ಹೊರಟಿದ್ದವನು ಇನ್ನೊಬ್ಬನಿದ್ದ. ಅವನ ಮೊಳಕೈ ಮುರಿದು, ಕೈ ಸುಟ್ಟು, ಮೇಲೆ ಎರಡು ಒದ್ದೆ.

'ನಾನಲ್ಲ ಅಕ್ಕಾ' ಅಂದಿದ್ದನಲ್ಲ. ಸರಳಿನ ಆಚೆಯಿಂದ ನನ್ನ ಕಣ್ಣನ್ನೇ ನೋಡಿ ಅಂದಿದ್ದ. ಸುಳ್ಳೇ? ಅವನ ಟ್ರಕ್ಕನ್ನು, ಬಂದೂಕನ್ನು, ತೋಟಾದ ಪೆಟ್ಟಿಗೆಯನ್ನು ಬೇರೆ ಯಾರಾದರೂ ತೆಗೆದುಕೊಂಡು ಹೋಗಿರಬಹುದೇ? ಹಾಗೆ ಯೋಚಿಸುವುದು ವಕೀಲರ ಮಾತೋ, ಅಕ್ಕನ ಮಾತೋ ನನಗೇ ತಿಳಿಯಲಿಲ್ಲ. ಬೋಗ್ ಅಂತೂ ಅಷ್ಟು ದೂರ ಯೋಚಿಸುವುದಿಲ್ಲ. ಎರಡೂ ಅವನದೇ ಆದರೆ ದೇವರೂ ಉಳಿಸಲಾರ ಅಂತ ಅವನು ಫೋನಿನಲ್ಲೇ ಹೇಳಿ ಮುಗಿಸಿದ್ದ. ಅವನನ್ನು ಇಲ್ಲಿಗೆ ಕರೆಸಿದವಳೂ ನಾನೇ.

"ಹಾಕ್ಬಿಡು" ಡೆಲ್ಬರ್ಟ್ ಪಿಸುಗುಟ್ಟಿದ. "ಈಗ ಒಣಗಿದೆ. ಸಿಡಿಯಲ್ಲ."

ಎದ್ದು ನಿಂತೆ. ಪಾತ್ರೆಯ ತಳದಲ್ಲಿ ಅರ್ಧದಷ್ಟು ಸೀಸ ಇನ್ನೂ ಕನ್ನಡಿಯಂತೆ ಹೊಳೆಯುತ್ತಿತ್ತು. ಗುಂಡನ್ನು ಮುಷ್ಟಿಯಲ್ಲಿ ಹಿಡಿದು ಕೈಯನ್ನು ಅದರ ಮೇಲೆ ಚಾಚಿದೆ. ಬೆರಳ ಗೆಣ್ಣು ಬೆಂದುಹೋಗುವ ಕಾವು. ಬೆರಳು ಬಿಡಿಸಿದರೆ ಎರಡು ಉಸಿರಿನೊಳಗೆ ಕರಗಿ ಬೇರೆ ಸೀಸದ ಜೊತೆ ಸೇರಿಹೋಗುತ್ತದೆ. ಗುಡ್ಡದಲ್ಲಿ ಸಿಕ್ಕಿತು, ಡೆಲ್ಬರ್ಟ್ ಕಿತ್ತುಕೊಂಡು ಪಾತ್ರೆಗೆ ಎಸೆದ ಅಂತ ಹೇಳಿದರೆ ನನ್ನ ಮುರಿದ ಪಕ್ಕೆಲುಬು, ಅವನ ಸುಟ್ಟ ಕೈ ಎರಡೂ ಸಾಕ್ಷಿ ನುಡಿಯುತ್ತವೆ. ಆರ್ವೋ ಮನೆಗೆ ಬರುತ್ತಾನೆ. ಡೆಲ್ಬರ್ಟ್ ನೇಣಿಗೆ ಹೋಗುತ್ತಾನೆ, ಅದೂ ಸಂತೋಷದಿಂದ.

ಬಿಡಿಸದಿದ್ದರೆ ನನ್ನ ತಮ್ಮನನ್ನು ನಾನೇ ಕೊಂದ ಹಾಗೆ.

ಇಪ್ಪತ್ತಾರು ವರ್ಷದಲ್ಲಿ ಒಂದೇ ಒಂದು ಸುಳ್ಳು ವರದಿಯನ್ನೂ ಬರೆದವಳಲ್ಲ ನಾನು. ಎಷ್ಟು ಜನ ಅಕ್ಕಂದಿರು, ತಾಯಂದಿರು ನನ್ನ ಮೇಜಿನ ಮುಂದೆ ಅತ್ತಿದ್ದರು. ಕಾನೂನು ಎಲ್ಲರಿಗೂ ಒಂದೇ ಕಣಮ್ಮಾ ಎಂದು ಬಾಯಿ ತುಂಬ ಹೇಳಿ ಕಳಿಸಿದ್ದೆ. ಆಗೆಲ್ಲ ಆ ಮಾತು ಎಷ್ಟು ಸಲೀಸಾಗಿ ಬರುತ್ತಿತ್ತು!

ಹೊರಗೆ ಜಲ್ಲಿಕಲ್ಲಿನ ಮೇಲೆ ಗಾಲಿಯ ಸದ್ದಾಯಿತು. ಕಾರಿನ ಬಾಗಿಲು ಒಂದು ಸಲ ಬಡಿಯಿತು. ಇನ್ನೊಂದು ಸಲ ಬಡಿಯಿತು.

"ಹಾಕೇ!" ಡೆಲ್ಬರ್ಟ್ ಅಂಗಲಾಚಿದ.

ಷೆಡ್ಡಿನ ಬಾಗಿಲು ತೆರೆಯಿತು. ಮುಂದೆ ಬೋಗ್, ಕೈ ಪಿಸ್ತೂಲಿನ ಮೇಲೆ. ಮಾಡಿಗೆ ಮೆತ್ತಿದ ಸೀಸ, ನೆಲದ ರಕ್ತ, ಬಕೆಟ್ಟಿನ ಪಕ್ಕ ಬಿದ್ದ ಡೆಲ್ಬರ್ಟ್, ಎಲ್ಲವನ್ನೂ ನೋಡಿ ಅವನ ಬಾಯಿ ತೆರೆದುಕೊಂಡಿತು.

"ಜೀಸಸ್! ಒಳಗೆ ಹೋಗ್ಬೇಡಿ ಅಂದಿದ್ನಲ್ಲ! ಗುಂಡು? ಗುಂಡು ಎಲ್ಲಿ?"

ಅವನ ಹಿಂದೆ ಆರ್ವೋ, ಕೈಗೆ ಕೋಳ. ನಾಲ್ಕು ದಿನದ ಗಡ್ಡ. ನನ್ನ ಹಣೆಯ ರಕ್ತ ನೋಡಿ "ಅಕ್ಕಾ!" ಎಂದು ಒಂದು ಹೆಜ್ಜೆ ಮುಂದೆ ಬಂದ. ಆಮೇಲೆ ಡೆಲ್ಬರ್ಟ್‌ನ ಕೈ ನೋಡಿದ. ಆಮೇಲೆ ಪಾತ್ರೆಯ ಮೇಲೆ ಚಾಚಿದ್ದ ನನ್ನ ಮುಷ್ಟಿ ನೋಡಿದ.

ಆ ಮುಖದಲ್ಲಿ ನಾನು ಭಯ ಹುಡುಕಿದೆ. ಒಂದು ಚೂರು ಭಯ ಕಂಡಿದ್ದರೆ ನನ್ನ ಬೆರಳು ತಾನಾಗಿ ಬಿಚ್ಚಿಕೊಳ್ಳುತ್ತಿತ್ತೋ ಏನೋ. ಭಯ ಇರಲಿಲ್ಲ. ನಾಲ್ಕು ದಿನದಲ್ಲಿ ಮೊದಲ ಸಲ ಅವನ ಕಣ್ಣು ಪಾರಾದೆನೆಂಬ ಆಸೆಯಿಂದ ಹೊಳೆಯುತ್ತಿತ್ತು.

ಕೋಳ ಬಿದ್ದ ಎರಡೂ ಕೈಯನ್ನು ಬೊಗಸೆ ಮಾಡಿ ನನ್ನ ಮುಂದೆ ಒಡ್ಡಿದ.

"ಸಿಕ್ತಂತಲ್ಲ ಅಕ್ಕಾ. ಕೊಡು ಇಲ್ಲಿ, ಯಾರದು ಅಂತ ಒಂದೇ ನೋಟಕ್ಕೆ ಹೇಳ್ತೀನಿ."

ನನ್ನ ಮುಷ್ಟಿ ಇನ್ನೂ ಸೀಸದ ಮೇಲೆಯೇ ಇತ್ತು.